ಸಿಂಕಿನ ಪೈಪಿನಲ್ಲಿ ಕಂಡ ಮಗಳು

ಒಂದು ತರಗತಿಯಲ್ಲಿ ನಲವತ್ತೆರಡು ಮಕ್ಕಳಿದ್ದರೆ ಅವರಲ್ಲಿ ನಲವತ್ತೊಂದು ಮಕ್ಕಳು ಮೊದಲನೆಯವರಾಗುವುದಿಲ್ಲ. ಇದಕ್ಕೆ ಗಣಿತ ಬೇಡ, ಬೆರಳು ಸಾಕು. ಆದರೂ ಪ್ರತಿ ವರ್ಷ ನಲವತ್ತೆರಡು ಮನೆಗಳಲ್ಲಿ ಈ ಲೆಕ್ಕ ತಪ್ಪಾಗುತ್ತದೆ.

ಈ ಕಥೆಯ ಶಾಲೆ ಅಂಥ ಲೆಕ್ಕ ತಪ್ಪುವವರಿಗಾಗಿಯೇ ಕಟ್ಟಿದ್ದು. ಸುತ್ತಲಿನ ಶಾಲೆಗಳಲ್ಲಿ ಮೊದಲನೆಯವರಾಗಿ ಮೆರೆಯುತ್ತಿದ್ದ ಮಕ್ಕಳನ್ನೆಲ್ಲ ಪರೀಕ್ಷೆ ಇಟ್ಟು ಹೆಕ್ಕಿ ತಂದು, ಒಂದೇ ಕೊಠಡಿಯಲ್ಲಿ ಕೂರಿಸಿ, ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ‘ನೀನಲ್ಲ, ನೀನಲ್ಲ’ ಎಂದು ನಾಲ್ಕು ವರ್ಷ ಹೇಳಿಕೊಡುವ ಜಾಗ ಅದು. ಪ್ರತಿ ಸೋಮವಾರ ಮೆಟ್ಟಿಲ ಬಳಿ ಕ್ರಮಾಂಕದ ಪಟ್ಟಿ ಅಂಟಿಸುತ್ತಿದ್ದರು. ಮಕ್ಕಳು ಕೈತೊಳೆಯುವ ನಲ್ಲಿಯ ಮುಂದೆಯೂ ಚೀಟಿ ಹಿಡಿದು ಸೂತ್ರ ಉರುಹೊಡೆಯುತ್ತಿದ್ದರು. ಒಬ್ಬ ಸೀನಿದರೆ ಪಕ್ಕದವನು ಅದಕ್ಕಿಂತ ಜೋರಾಗಿ ಸೀನುತ್ತಿದ್ದ. ಕಾಲೇಜಿಗೆ ಅರ್ಜಿ ಹಾಕುವ ಕೊನೆಯ ವರ್ಷ ಬಂತೆಂದರೆ ಮುಗಿಯಿತು, ಪರೀಕ್ಷೆ ಬರೆಯುವವರು ಮಕ್ಕಳು, ಜ್ವರ ಬರುವುದು ಅಪ್ಪ ಅಮ್ಮಂದಿರಿಗೆ.

ಕನ್ನಡಕದವನ ಮಗಳು ಅಲ್ಲಿ ಹತ್ತೊಂಬತ್ತನೆಯವಳು. ಒಂದು ವಾರ ಇಪ್ಪತ್ತು, ಇನ್ನೊಂದು ವಾರ ಹದಿನೆಂಟು. ಒಟ್ಟಿನಲ್ಲಿ ಪಟ್ಟಿಯ ಹೊಟ್ಟೆಯ ಭಾಗದಲ್ಲಿ ನೆಮ್ಮದಿಯ ವಾಸ. ಸದಾ ಹೊರಗೆ ನೋಡುತ್ತ ಕೂರುತ್ತಾಳೆಂದು ತರಗತಿಯವರು ಅವಳಿಗೆ ‘ಕಿಟಕಿ’ ಎಂದು ಹೆಸರಿಟ್ಟಿದ್ದರು. ಈ ಗುಣ ಅಪ್ಪನಿಂದ ಬಂದದ್ದು. ಕನ್ನಡಕದವನೂ ಕನಸಿನ ಗಿರಾಕಿಯೇ. ಅವನ ಕನ್ನಡಕದ ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿತ್ತು. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಗಾಜಿನ ತಟ್ಟೆಗಳ ಮೇಲೆ ಬಿದ್ದು ಚಾವಣಿಯಲ್ಲಿ ಸಣ್ಣ ಸಣ್ಣ ಕಾಮನಬಿಲ್ಲುಗಳು ತೂಗಾಡುತ್ತಿದ್ದವು. ಆ ಹೊತ್ತಿಗೆ ಅವನು ಅಂಗಡಿಯಲ್ಲಿದ್ದೂ ಇರುತ್ತಿರಲಿಲ್ಲ.

ಕಣ್ಣು ಪರೀಕ್ಷಿಸುವುದರಲ್ಲಿ ಅವನದೇ ಒಂದು ಪದ್ಧತಿ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಏರಿಸಿ, ಗಾಜುಗಳನ್ನು ಒಂದೊಂದಾಗಿ ತೂರಿಸುತ್ತ, ಎದುರು ಗೋಡೆಯ ಅಕ್ಷರದ ಹಾಳೆ ಓದಿಸುತ್ತಿದ್ದ. ತಾನು ಮಾತ್ರ ಆ ಕಡೆ ತಿರುಗುತ್ತಿರಲಿಲ್ಲ. ಓದಿದ ಅಕ್ಷರವನ್ನೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ದನಿಯನ್ನು.

“ತಡವರಿಸಿದ್ರೆ ಗಾಜು ಸರಿಯಿಲ್ಲ, ಸಲೀಸಾಗಿ ಓದಿದ್ರೆ ಗಾಜು ಸರಿ. ನಾನು ಆ ಗೋಡೆ ಕಡೆ ನೋಡಿ ಇಪ್ಪತ್ತು ವರ್ಷ ಆಯ್ತು,” ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಕನ್ನಡಕಗಳು ಆಗಾಗ ವಾಪಸು ಬರುತ್ತಿದ್ದದ್ದು ನಿಜ. ಅದು ಗಿರಾಕಿಗಳ ಮೂಗಿನ ದೋಷ ಎಂದು ಅವನ ತೀರ್ಮಾನ. ಈಚಿನ ಏಳೆಂಟು ತಿಂಗಳಲ್ಲಿ ಶನಿವಾರ ಮಾಡಿಕೊಟ್ಟ ಕನ್ನಡಕ ಒಂದೂ ವಾಪಸು ಬಂದಿರಲಿಲ್ಲ. ಅದು ತನ್ನ ಪಳಗಿದ ಕೈಯ ಮಹಿಮೆ ಎಂದೂ ಅವನದೇ ತೀರ್ಮಾನ. ಶನಿವಾರ ಮಗಳು ಅಂಗಡಿಗೆ ಬಂದು ಆ ಗೋಡೆಯ ಪಕ್ಕ ಸ್ಟೂಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಆಗೀಗ “ಅಪ್ಪಾ, ಇನ್ನೊಂದು ಗಾಜು ಹಾಕಿ ನೋಡು” ಅನ್ನುವಳು. ಬೇಜಾರು ಕಳೆಯಲು ಹೇಳುತ್ತಾಳೆ ಪಾಪ ಎಂದುಕೊಂಡು ಅವನು ಹಾಕುತ್ತಿದ್ದ.

ಹೀಗಿರಲು ಶಾಲೆಯಿಂದ ಪೋಷಕರ ಹಾಳೆ ಬಂತು.

ಶಾಲೆಯ ಮಾರ್ಗದರ್ಶಕಿ ಮೇಡಂ ಕೊನೆಯ ವರ್ಷದ ಇನ್ನೂರ ಹತ್ತು ಮಕ್ಕಳಿಗೂ ಕಾಲೇಜುಗಳಿಗೆ ಒಂದೊಂದು ಪತ್ರ ಬರೆದುಕೊಡಬೇಕು. ಇನ್ನೂರ ಹತ್ತು ಮಕ್ಕಳನ್ನು ಒಬ್ಬ ಹೆಂಗಸು ಅರಿತುಕೊಳ್ಳುವುದು ಆಗುವ ಮಾತಲ್ಲ. ಅದಕ್ಕೆ ಈ ಏರ್ಪಾಡು: ‘ನಿಮ್ಮ ಮಗುವಿನ ಬಗ್ಗೆ ಶಾಲೆಗೆ ಗೊತ್ತಿಲ್ಲದ್ದನ್ನು ತಿಳಿಸಿ. ಮಗುವಿಗೆ ತೋರಿಸದೆ, ಲಕೋಟೆ ಅಂಟಿಸಿ ಕಳಿಸಿ.’ ಹಾಳೆ ಇಲ್ಲದಿದ್ದರೆ ಮೇಡಂ ಪತ್ರವಿಲ್ಲ. ಪತ್ರವಿಲ್ಲದಿದ್ದರೆ ಅರ್ಜಿಯೇ ಇಲ್ಲ.

“ಇದೇನು ಮಹಾ,” ಎಂದ ಕನ್ನಡಕದವನು. “ಒಂದು ಲೋಟ ಕಾಫಿ ಆರೋದರೊಳಗೆ ಬರೆದು ಬಿಸಾಕ್ತೀನಿ.”

ಅವನ ಹೆಂಡತಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಬೂಟು ಕಳಚುತ್ತ ಕೂತಿದ್ದವಳು ತಲೆ ಎತ್ತಿದಳು. “ನಾನು ಬರೀಲಾ?”

“ನೀನಾ? ಎಲ್ಲಿಂದ ಎಲ್ಲಿಗೆ, ಎಷ್ಟು ಜನ ಅಂತ ಬರೆದುಕೊಡ್ತೀಯ. ಇದು ಬಣ್ಣಿಸೋ ಕೆಲಸ ಕಣೇ.”

“ಬಣ್ಣ ಬಳಿಯೋದು ಬೇಡ, ಇದ್ದದ್ದು ಬರೀರಿ. ಬರೆದು ಅವಳಿಗೆ ಒಂದು ಸಲ ತೋರಿಸಿ.”

“ತೋರಿಸೋ ಹಾಗಿಲ್ಲ. ನಿಯಮ ಇದೆ, ನೋಡು, ದಪ್ಪ ಅಕ್ಷರದಲ್ಲಿ.”

“ನಿಮ್ಮ ಕಣ್ಣಿಗೆ ಒಂದು ನಿಯಮ ಬಿದ್ದದ್ದು ಇದೇ ಮೊದಲು,” ಎಂದು ಅವಳು ಎರಡನೆಯ ಬೂಟು ಕಳಚಿದಳು.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಅವನು ಹಾಳೆ ಹರಡಿಕೊಂಡು ಕೂತ. ಮೊದಲ ಖಾನೆ: ವಿದ್ಯಾರ್ಥಿಯ ವಿಭಾಗ. ಎ ಇರಬೇಕು. ಅಥವಾ ಬಿ. ಖಾಲಿ ಬಿಟ್ಟು ಕೆಳಗಿಳಿದ. ‘ನನ್ನ ಮಗಳು ತುಂಬ ಒಳ್ಳೆಯವಳು’ ಎಂದು ಬರೆದ. ಪೆನ್ನು ನಿಂತಿತು. ಏನು ಇಷ್ಟ ಅವಳಿಗೆ? ಹಾಕಿದ್ದು ತಿನ್ನುತ್ತಾಳೆ. ಯಾರು ಅವಳ ಗೆಳತಿಯರು? ಇದ್ದಾರೆ, ಒಬ್ಬಳಿಗೆ ಉದ್ದ ಜಡೆ. ಹದಿನೇಳು ವರ್ಷ ಒಂದೇ ಸೂರಿನ ಕೆಳಗೆ ಬದುಕಿದ ಜೀವದ ಬಗ್ಗೆ ಅವನಿಗೆ ಖಚಿತವಾಗಿ ಗೊತ್ತಿದ್ದದ್ದು ಚಪ್ಪಲಿಯ ಅಳತೆ ಒಂದೇ, ಅದೂ ಕಳೆದ ವರ್ಷದ್ದು. ಕಾಫಿ ಆರಿ ಕೆನೆ ಕಟ್ಟಿತು.

ಅಷ್ಟರಲ್ಲಿ ಎದುರು ಬೀದಿಯ ಹಲ್ಲಿನ ಡಾಕ್ಟರು ಸಡಿಲಾದ ಕನ್ನಡಕ ಹಿಡಿದು ಬಂದರು. ಅವರ ಮಗಳೂ ಅದೇ ತರಗತಿ. ಪಟ್ಟಿಯ ನೆತ್ತಿಯಿಂದ ನಾಲ್ಕು ವರ್ಷದಲ್ಲಿ ಒಮ್ಮೆಯೂ ಇಳಿಯದವಳು.

“ಓಹೋ, ಹಾಳೇನಾ? ನಾನು ಕೊಟ್ಟೂ ಆಯ್ತು. ಏಳು ಪುಟ,” ಎಂದರು ಡಾಕ್ಟರು. “ಜಾಗ ಸಾಲದೆ ಬೇರೆ ಕಾಗದ ಪಿನ್ ಮಾಡಿದೆ. ಪಿಟೀಲು, ಈಜು, ಚರ್ಚಾಸ್ಪರ್ಧೆ, ಕಪ್ಪೆಗಳ ಬಗ್ಗೆ ಒಂದು ಪ್ರಬಂಧ. ನಿಮ್ಮ ಮಗಳದು ಏನು ವಿಶೇಷ?”

“ಇದೆ,” ಎಂದ ಕನ್ನಡಕದವನು ಸ್ಕ್ರೂ ಬಿಗಿಸುತ್ತ.

“ಏನು?”

“ಇದೆ ಡಾಕ್ಟ್ರೇ. ಹೇಳೋ ಹಾಗಿಲ್ಲ. ನಿಯಮ.”

ಡಾಕ್ಟರು ಹೋದರು. ಬಿಸಿಲು ಬಂತು. ಗಾಜಿನ ತಟ್ಟೆಯಿಂದ ಒಂದು ಕಾಮನಬಿಲ್ಲು ಎದ್ದು, ಚಾವಣಿ ಹತ್ತಿ, ನಿಧಾನವಾಗಿ ಅವನ ಹಾಳೆಯ ಮೇಲೆ ಇಳಿಯಿತು. ಅದನ್ನೇ ನೋಡುತ್ತ ಕೂತವನು ಮತ್ತೆ ಹದಿನೇಳರ ಹುಡುಗನಾದ. ಕೆಲಸ ಕಲಿಸಿದ ಗುರುವಿನ ಅಂಗಡಿ, ಗುರು ಮಧ್ಯಾಹ್ನದ ನಿದ್ದೆಯಲ್ಲಿದ್ದಾನೆ, ಕೈಯಲ್ಲಿ ಅಂಚು ಮುಕ್ಕಾದ ಎರಡು ಗಾಜು. ಒಂದನ್ನು ಕಣ್ಣ ಬಳಿ, ಇನ್ನೊಂದನ್ನು ತೋಳಿನುದ್ದ ದೂರ ಹಿಡಿದರೆ ಬೀದಿಯಾಚೆಯ ಪಾರಿವಾಳ ಕೈಗೆಟಕುವಂತೆ ಹತ್ತಿರ ಬರುತ್ತದೆ. ಒಂದು ಕೊಳವೆ ಸಿಕ್ಕಿದ್ದರೆ ಚಂದ್ರನನ್ನೇ ಕರೆಸಿಕೊಳ್ಳಬಹುದಿತ್ತು! ಕೊಳವೆ ಸಿಕ್ಕಲಿಲ್ಲ. ಗುರು ಎದ್ದ. ಮದುವೆಯಾಯಿತು. ಅಂಗಡಿಯಾಯಿತು.

ಪೆನ್ನು ತಾನಾಗಿ ಓಡತೊಡಗಿತು. ‘ನನ್ನ ಮಗಳು ಏಳನೆಯ ತರಗತಿಯಲ್ಲಿರುವಾಗಲೇ ಅಂಗಡಿಯ ಮುಕ್ಕು ಗಾಜುಗಳಿಂದ ಸ್ವಂತ ಕೈಯಿಂದ ಒಂದು ದೂರದರ್ಶಕ ಕಟ್ಟಿದಳು. ಮೂರು ತಿಂಗಳು ಗಾಜು ಉಜ್ಜಿದಳು. ಚಂದ್ರನ ಮೇಲಿನ ಒಂದು ಸಣ್ಣ ಗುಳಿಗೆ ತನ್ನ ಅಮ್ಮನ ಹೆಸರಿಟ್ಟಿದ್ದಾಳೆ...’ ಒಂದೂವರೆ ಪುಟ! ಕನ್ನಡಕದವನಿಗೆ ಓದಿ ಕಣ್ಣು ತುಂಬಿ ಬಂತು. ಎಂಥ ಮಗಳು! ಲಕೋಟೆ ಅಂಟಿಸಿ ಆ ಸಂಜೆಯೇ ಶಾಲೆಯ ಪೆಟ್ಟಿಗೆಗೆ ಹಾಕಿಬಂದ.

ಶುಕ್ರವಾರ ಫೋನು ಬಂತು.

“ಸರ್, ನಾನು ಶಾಲೆಯಿಂದ. ಇನ್ನೂರ ಹತ್ತು ಹಾಳೆ ಓದಿದೆ. ಮೈ ಜುಮ್ ಅಂದದ್ದು ನಿಮ್ಮದೊಂದಕ್ಕೇ,” ಎಂದರು ಮೇಡಂ. “ಕಣ್ಣಾರೆ ನೋಡಿ ಪತ್ರ ಬರೀಬೇಕು ಅನ್ನಿಸಿದೆ. ಸೋಮವಾರ ಮಗಳ ಜೊತೆ ಆ ಟೆಲಿಸ್ಕೋಪ್ ತರ್ತೀರಾ?”

“ಧಾರಾಳವಾಗಿ,” ಎಂದಿತು ಅವನ ಬಾಯಿ. ಉಳಿದ ಮೈಯೆಲ್ಲ ಕುರ್ಚಿಯಲ್ಲಿ ಕುಸಿಯಿತು.

ಭಾನುವಾರ ಹೆಂಡತಿ ಪಾಳಿಗೆ ಹೋದ ಮೇಲೆ ಅವನು ಮಹಾಕಾರ್ಯಕ್ಕೆ ಇಳಿದ. ಗಾಜು ಅಂಗಡಿಯಲ್ಲೇ ಇದ್ದವು. ಬೇಕಾದದ್ದು ಮೂರಡಿ ಕೊಳವೆ. ಮನೆಯೆಲ್ಲ ಜಾಲಾಡಿದ. ಕೊನೆಗೆ ಅಡುಗೆಮನೆಯ ಸಿಂಕಿನ ಕೆಳಗೆ ಬಗ್ಗಿದಾಗ ಅಲ್ಲಿ ಬಿಳಿಯ ಪೈಪು, ಇಪ್ಪತ್ತೈದು ವರ್ಷದಿಂದ ಅವನಿಗಾಗಿಯೇ ಕಾದಂತೆ, ಹೊಳೆಯುತ್ತ ನಿಂತಿತ್ತು. ಪ್ಲಂಬರ್ ಹಿಂದಿನ ವಾರವಷ್ಟೇ ಹಾಕಿದ್ದು. ತಿರುಗಿಸಿದ, ಬಂತು. ಬೆಣ್ಣೆಯಂತೆ ಬಂತು. ಗಾಜು ಕೂರಿಸಿ, ಅಂಟುಪಟ್ಟಿ ಸುತ್ತಿ, ಕಿಟಕಿಯಿಂದ ಹೊರಗೆ ನೋಡಿದ. ಎದುರು ಮಹಡಿಯ ಹೂಕುಂಡ ಅಂಗೈ ಮೇಲೆ ಬಂದು ಕೂತಿತು. ತಲೆಕೆಳಗಾಗಿ, ಆದರೂ ಬಂದು ಕೂತಿತು! ಅವನು ಎಷ್ಟು ಹೊತ್ತು ಹಾಗೇ ನಿಂತನೋ. ಹಿಂದೆ ಅಡುಗೆಮನೆಯಲ್ಲಿ ಯಾರೋ ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಿದ್ದ ಸದ್ದು ಕನಸಿನಲ್ಲಿ ಹರಿಯುವ ತೊರೆಯಂತೆ ಕೇಳುತ್ತಿತ್ತು.

ಅದು ಮಗಳು. ತೊಳೆದ ನೀರೆಲ್ಲ ಸಿಂಕಿನಿಂದ ನೇರ ನೆಲಕ್ಕಿಳಿದು, ನಡುಮನೆ ದಾಟಿ, ಬಾಗಿಲಲ್ಲಿ ಬೂಟು ಕಳಚುತ್ತಿದ್ದ ಹೆಂಡತಿಯ ಪಾದ ತೊಳೆಯಿತು.

“ರೀ,” ಎಂದಳು ಅವಳು. “ಟಿಕೆಟ್ ತೋರಿಸಿ.”

ಮನೆಯಲ್ಲಿ ಯಾರಾದರೂ ಸುಳ್ಳು ಹೇಳುವ ಮುಂಚೆ ಅವಳು ಆಡುವ ಮಾತು ಅದು. ಇಪ್ಪತ್ತು ವರ್ಷ ಬಸ್ಸು ಹತ್ತಿ ಇಳಿದವಳಿಗೆ ಕಳ್ಳ ಪ್ರಯಾಣಿಕನ ಮುಖ ದೂರದಿಂದಲೇ ಗೊತ್ತಾಗುತ್ತದೆ. ಕನ್ನಡಕದವನು ಪೈಪು ಎದೆಗವಚಿಕೊಂಡು, ಒದ್ದೆ ನೆಲದ ಮೇಲೆ ನಿಂತು, ಒಂದೂವರೆ ಪುಟವನ್ನೂ ಒಪ್ಪಿಸಿದ. ಗುಳಿಗೆ ಅವಳ ಹೆಸರಿಟ್ಟದ್ದನ್ನು ಎರಡು ಸಲ ಹೇಳಿದ.

“ಗುಳಿಗಾ?”

“ಚಂದ್ರನ ಮೇಲಿನ ಗುಳಿ.”

“ಬೇರೆ ಏನೂ ಸಿಗಲಿಲ್ಲವಾ ನನ್ನ ಹೆಸರಿಡೋಕೆ?” ನೆಲ ಒರೆಸುವ ಬಟ್ಟೆಯನ್ನು ಅವನ ಹೆಗಲ ಮೇಲೆ ಎಸೆದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: “ಈಗ ನಿಜ ಹೇಳಿದ್ರೆ ಅವಳಿಗೆ ಪತ್ರ ಇಲ್ಲ. ಹೇಳದಿದ್ರೆ ಜೀವನಪೂರ್ತಿ ಟಿಕೆಟ್ ಇಲ್ಲದೆ ಪ್ರಯಾಣ. ಎಂಥ ಬಸ್ಸು ಹತ್ತಿಸಿದ್ರಿ ನೋಡಿ ಮಗೂನ.”

ಮಗಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. “ಅದೇನಪ್ಪಾ?”

“ಟೆಲಿಸ್ಕೋಪು ಮರಿ. ನಿನ್ನದೇ. ನೀನೇ ಮಾಡಿದ್ದು.”

“ಯಾವಾಗ?”

“ಏಳನೇ ಕ್ಲಾಸಲ್ಲಿ.”

“ನನಗೆ ಗೊತ್ತೇ ಇರಲಿಲ್ಲ,” ಎಂದು ಅವಳು ಒಂದು ಕಣ್ಣು ಮುಚ್ಚಿ ನೋಡಿದಳು. ಬಹಳ ಹೊತ್ತು ನೋಡಿದಳು. “ಚೆನ್ನಾಗಿ ಮಾಡಿದೀನಿ.”

ಅವನಿಗೆ ಹೋದ ಜೀವ ಬಂತು. “ಮೇಡಂ ಕೇಳಿದ್ರೆ ಮೂರು ತಿಂಗಳು ಗಾಜು ಉಜ್ಜಿದೆ ಅನ್ನು. ಮೊದಲು ನೋಡಿದ್ದು ಚಂದ್ರ ಅನ್ನು. ಬಾಯಿಪಾಠ ಮಾಡಿಕೊ, ಸಾಕು.”

“ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಅದು ಬರುತ್ತೆ ಅಪ್ಪಾ. ನನಗೊಬ್ಬಳಿಗೇ ಬರಲ್ಲ,” ಎಂದು ಅವಳು ಬಕೆಟ್ ತರಲು ಹೋದಳು.

ಸೋಮವಾರ ಮೂರನೆಯ ಮಹಡಿಯ ಕೊಠಡಿಯಲ್ಲಿ ಮೇಡಂ ಕಾದಿದ್ದರು. ಗೋಡೆಯುದ್ದಕ್ಕೂ ಕಡತ, ಮೇಜಿನ ತುಂಬ ಕಡತ, ಕಡತಗಳ ನಡುವೆ ಅವರ ದಣಿದ ಮುಖ. ದೂರದರ್ಶಕವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕಿಟಕಿಗೆ ಹೋದರು. ಅದರ ಬಾಯಿಂದ ಒಂದು ಹನಿ ನೀರು ಅವರ ತೋಳಿನ ಮೇಲೆ ಬಿತ್ತು.

“ಪ್ರಿನ್ಸಿಪಾಲರು ಕಾಣ್ತಾರೆ,” ಎಂದರು. “ಆಕಾಶಕ್ಕೆ ಕಾಲೂರಿ ನಡೀತಿದ್ದಾರೆ.” ಅವರ ಮುಖದ ದಣಿವು ಒಂದು ಕ್ಷಣ ಇಳಿಯಿತು. “ಹೀಗೇ ಚೆನ್ನಾಗಿದ್ದಾರೆ. ಅದಿರಲಿ, ಇದಕ್ಕೆ ಪಾತ್ರೆ ಸೋಪಿನ ವಾಸನೆ ಯಾಕಮ್ಮಾ?”

ಕನ್ನಡಕದವನು ಬಾಯಿ ತೆರೆದ. ಮಗಳು ಮೊದಲು ಮಾತಾಡಿದಳು.

“ನಮ್ಮ ಸಿಂಕಿನ ಪೈಪು ಮೇಡಂ. ನಿನ್ನೆ ಅಪ್ಪ ಮಾಡಿದ್ದು. ನಾನು ಮಾಡಿಲ್ಲ. ನನಗೆ ಮಾಡೋಕೂ ಬರಲ್ಲ.”

ಮೇಡಂ ಪೈಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಆ ಒಂದೂವರೆ ಪುಟವನ್ನು ಕಡತದಿಂದ ತೆಗೆದು, ಮಡಿಸಿ, ಕನ್ನಡಕದವನ ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು.

“ಹಾಗಾದ್ರೆ ನೀನೇನು ಮಾಡ್ತೀಯಮ್ಮಾ, ನಿಜವಾಗಿ?”

“ಏನೂ ಇಲ್ಲ ಮೇಡಂ. ಶನಿವಾರ ಅಂಗಡೀಲಿ ಹಾಳೆ ತಿರುಗಿಸ್ತೀನಿ.”

“ಯಾವ ಹಾಳೆ?”

ಕೇಳಿದ್ದು ಮೇಡಂ ಅಲ್ಲ, ಅಪ್ಪ.

ಮೇಡಂ ಅವನನ್ನು ಒಮ್ಮೆ ನೋಡಿದರು. “ಆ ಪ್ರಶ್ನೆ ನಾನು ಕೇಳಬೇಕಿತ್ತು ಸರ್,” ಎಂದು ಡ್ರಾಯರಿನಿಂದ ಹೊಸ ಹಾಳೆ ತೆಗೆದರು. “ಬರೋ ಸೋಮವಾರ ಬೆಳಗ್ಗೆ ಹತ್ತು ಗಂಟೆ. ಅದಾದ ಮೇಲೆ ಈ ವರ್ಷದ ಪತ್ರ ಕಳಿಸೋಕೆ ಆಗಲ್ಲ. ಈ ಹಾಳೇನೂ ಮಗಳಿಗೆ ತೋರಿಸೋ ಹಾಗಿಲ್ಲ. ಆದರೆ ಮಗಳನ್ನ ನೋಡಬಹುದು. ಅದಕ್ಕೆ ನಿಯಮ ಅಡ್ಡ ಇಲ್ಲ.”

ಹಿಂದಿರುಗುವಾಗ ಅಪ್ಪ ಮಗಳು ಬಸ್ ನಿಲ್ದಾಣದ ಎದುರಿನ ಬೆಂಚಿನ ಮೇಲೆ ಕೂತರು. ಬಿಸಿಲು ಹಳದಿಯಾಗುತ್ತಿತ್ತು.

“ಯಾವ ಹಾಳೆ ಮರಿ?”

“ಶನಿವಾರ ಕೂತು ನೋಡು. ನಾನು ಹೇಳಿದ್ರೆ ನೀನು ಬಾಯಿಪಾಠ ಮಾಡಿ ಬರೀತೀಯ.”

ಅವಳು ಪೈಪು ಎತ್ತಿ ಬೀದಿಯನ್ನು ನೋಡತೊಡಗಿದಳು. ಆಮೇಲೆ ಅವನಿಗೆ ಕೊಟ್ಟಳು. ಮರಗಳು ಮೇಲಿನಿಂದ ಕೆಳಕ್ಕೆ ಬೆಳೆದಿದ್ದವು. ಕೆಳಗೆಲ್ಲ ನೀಲಿ ಆಕಾಶ, ಅದರಲ್ಲಿ ಬಾತುಕೋಳಿಗಳಂತೆ ತೇಲುವ ಮೋಡ. ಒಂದು ಬಸ್ಸು ಚಕ್ರ ಮೇಲೆ ಮಾಡಿಕೊಂಡು ಬಂದು ನಿಂತಿತು. ಅದರೊಳಗೆ ಒಬ್ಬ ಹೆಂಗಸು ಬಾವಲಿಯಂತೆ ತಲೆಕೆಳಗಾಗಿ ತೂಗುತ್ತ ಪ್ರಯಾಣಿಕರ ಕಡೆ ಕೈ ಚಾಚಿದ್ದಳು.

“ಅಮ್ಮ,” ಎಂದಳು ಮಗಳು.

“ಹೌದು, ನಿಮ್ಮಮ್ಮ,” ಎಂದ ಅವನು. ಇಬ್ಬರೂ ಸರದಿಯ ಮೇಲೆ ನೋಡಿದರು. ನಗು ತಡೆಯಲಾರದೆ ಪೈಪು ಅಲುಗಾಡಿ ಇಡೀ ಊರು ನೀರಿನಲ್ಲಿ ಬಿದ್ದ ಬಿಂಬದಂತೆ ನಡುಗಿತು. ಮಗಳ ಜೊತೆ ಕಾರಣವಿಲ್ಲದೆ ಹೀಗೆ ಕೂತು ಎಷ್ಟು ವರ್ಷವಾಯಿತೆಂದು ಎಣಿಸಹೋದ. ಸಂಖ್ಯೆ ಸಿಗಲಿಲ್ಲ.

ಶನಿವಾರ ಬಂತು. ಕನ್ನಡಕದವನು ಅಂದು ಮೊದಲ ಬಾರಿಗೆ ಗೋಡೆ ಕಾಣುವ ಹಾಗೆ ನಿಂತ. ಅಕ್ಷರದ ಹಾಳೆ ಒಂದಿರಲಿಲ್ಲ, ನಾಲ್ಕಿದ್ದವು! ಕ್ಯಾಲೆಂಡರಿನಂತೆ ಒಂದೇ ಮೊಳೆಗೆ ತೂಗಿದ್ದವು. ಒಂದು ಹಳೆಯದು. ಮೂರು, ಕಪ್ಪು ಶಾಯಿಯಲ್ಲಿ ಅಳತೆ ಹಿಡಿದು ಬರೆದವು, ಮಗಳ ಕೈಬರಹ. ಒಬ್ಬ ಗಿರಾಕಿ ಎದ್ದ ಕೂಡಲೇ ಅವಳು ಸ್ಟೂಲಿನಿಂದ ಕೈ ಚಾಚಿ ಒಂದು ಹಾಳೆ ಹಿಂದಕ್ಕೆ ಸರಿಸುತ್ತಿದ್ದಳು, ಸದ್ದಿಲ್ಲದೆ, ನೊಣ ಓಡಿಸಿದಂತೆ. ಯಾಕೆಂದು ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಮಧ್ಯಾಹ್ನ, ಹಲ್ಲಿನ ಡಾಕ್ಟರು ಮಗಳನ್ನು ಕರೆದುಕೊಂಡು ಬಂದಾಗ.

ಡಾಕ್ಟರು ತಮ್ಮ ಕಣ್ಣು ತೋರಿಸಿಕೊಂಡರು. ಕುರ್ಚಿಯಲ್ಲಿ ಕೂತು, ತಡವರಿಸಿ, “ಠ... ರ... ಮ...” ಎಂದು ಕೆಳಗಿನ ಸಾಲಿನವರೆಗೂ ಗಟ್ಟಿಯಾಗಿ ಓದಿದರು. ಅವರ ಮಗಳು ಪಕ್ಕದ ಬೆಂಚಿನಲ್ಲಿ ಕಣ್ಣು ಅರೆಮುಚ್ಚಿ ಕೂತಿದ್ದಳು.

“ಬಂದದ್ದಾಯ್ತು, ಇವಳದೂ ನೋಡಿಬಿಡಿ, ಸುಮ್ಮನೆ,” ಎಂದರು ಡಾಕ್ಟರು ಎದ್ದು, ಗೋಡೆಗೆ ಬೆನ್ನು ಹಾಕಿ ಹೊಸ ಫ್ರೇಮುಗಳನ್ನು ನೋಡುತ್ತ. “ಹದ್ದಿನ ಕಣ್ಣು ಇವಳದು.”

ಸ್ಟೂಲಿನ ಮೇಲಿದ್ದ ‘ಕಿಟಕಿ’ ಕೈ ಚಾಚಿ ಹಾಳೆ ಸರಿಸಿದಳು. ಮೊದಲ ರ‍್ಯಾಂಕಿನ ಹುಡುಗಿ ಕುರ್ಚಿಗೆ ಬಂದು ಬೆನ್ನು ನೆಟ್ಟಗೆ ಮಾಡಿ ಕೂತು ಓದಿದಳು. “ಠ, ರ, ಮ, ಜ, ಣ, ಡ, ವ...” ನೀರು ಹರಿದಂತೆ. ಒಂದು ತಡವರಿಕೆಯಿಲ್ಲ.

ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಕನ್ನಡಕದವನ ನಾಲಗೆ ‘ಸರಿ’ ಅನ್ನಲು ಎದ್ದಿತು. ಆಗ ಅವನು ಗೋಡೆ ನೋಡಿದ. ಅಲ್ಲಿ ದೊಡ್ಡದಾಗಿ ‘ಗ’ ಇತ್ತು. ಅದರ ಕೆಳಗೆ ಬ, ಳ. ಹುಡುಗಿ ಓದಿದ್ದರಲ್ಲಿ ಒಂದಕ್ಷರವೂ ಗೋಡೆಯ ಮೇಲೆ ಇರಲಿಲ್ಲ.

“ನೋಡಿದ್ರಾ, ಒಂದೂ ತಪ್ಪಿಲ್ಲ,” ಎಂದರು ಡಾಕ್ಟರು ತಿರುಗದೆ.

ಕುರ್ಚಿಯಲ್ಲಿದ್ದವಳ ಕಿವಿ ಕೆಂಪಾಗಿದ್ದವು. ‘ಸರಿ’ ಬರದಿದ್ದಾಗಲೇ ಅವಳಿಗೆ ಗೊತ್ತಾಗಿತ್ತು. ಸ್ಟೂಲಿನ ಮೇಲಿದ್ದವಳು ‘ತಪ್ಪು’ ಅನ್ನಲಿಲ್ಲ. ‘ಕಾಣಲ್ವಾ’ ಅನ್ನಲಿಲ್ಲ. ಯಾವ ಶನಿವಾರವೂ ಯಾರಿಗೂ ಅಂದಿರಲಿಲ್ಲ.

“ಅಪ್ಪಾ,” ಎಂದಳು, “ಇನ್ನೊಂದು ಗಾಜು ಹಾಕಿ ನೋಡು.”

ಏಳೆಂಟು ತಿಂಗಳಿಂದ ಕೇಳಿದ್ದ ಮಾತನ್ನು ಅವನು ಅಂದು ಕೇಳಿಸಿಕೊಂಡ. ಸರದಿಯಲ್ಲಿ ಕೂತವರು ತಮಗಿಂತ ಮುಂಚಿನವರು ಓದಿದ್ದನ್ನು ಕಿವಿಯಲ್ಲಿ ಹಿಡಿದು, ಕಾಣದಿದ್ದರೂ ಕಂಡಂತೆ ಒಪ್ಪಿಸುತ್ತಾರೆ, ಮಾನ ಹೋಗಬಾರದಲ್ಲ. ಅವನು ಸಲೀಸು ದನಿ ಕೇಳಿ ‘ಸರಿ’ ಅನ್ನುತ್ತಾನೆ. ಅವರು ಕುರುಡು ಕನ್ನಡಕ ಹಾಕಿಕೊಂಡು ಹೋಗುತ್ತಾರೆ. ಅದನ್ನು ಕಂಡವಳು ಒಬ್ಬಳೇ. ಒಂದು ಗಾಜು ಹಾಕಿದ. ಎರಡು. ಮೂರು. ನಾಲ್ಕನೆಯದಕ್ಕೆ ಹುಡುಗಿ “ಗ” ಎಂದಳು, ಬಹಳ ನಿಧಾನವಾಗಿ, ಮೊದಲ ಬಾರಿ ಅಕ್ಷರ ಕಲಿತವಳಂತೆ. “ಬ... ಳ...” ಆಮೇಲೆ ಗೋಡೆ ಬಿಟ್ಟು ಬಾಗಿಲಾಚೆ ತಿರುಗಿದಳು. ಬೀದಿಯಂಚಿನ ಮರವನ್ನೇ ನೋಡಿದಳು.

“ಎಲೆಗಳು ಬೇರೆ ಬೇರೆ ಇವೆ,” ಎಂದಳು.

ಡಾಕ್ಟರು ತಿರುಗಿದರು. ಮಗಳ ಮೂಗಿನ ಮೇಲಿನ ಗಾಜಿನ ದಪ್ಪ ನೋಡಿದರು. ಗೋಡೆ ನೋಡಿದರು. “ಕ್ಲಾಸಲ್ಲಿ ಬೋರ್ಡು?”

“ಕಿವಿಯಲ್ಲೇ ನಡೀತಿತ್ತಪ್ಪಾ.”

“ನಾನು ಏಳು ಪುಟ ಬರೆದಿದ್ದೆ,” ಎಂದು ಡಾಕ್ಟರು ಯಾರಿಗೂ ಅಲ್ಲದೆ ಹೇಳಿ ಬೆಂಚಿನ ಮೇಲೆ ಕೂತುಬಿಟ್ಟರು. ಕನ್ನಡಕದವನು ಅವರ ಪಕ್ಕ ಕೂತ. “ನನ್ನದು ಒಂದೂವರೆ,” ಎಂದ.

ಸೋಮವಾರ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಮೇಡಂ ಕೈಗೆ ಹೊಸ ಹಾಳೆ ಬಂತು. ‘ವಿಭಾಗ: ಬಿ’ ಎಂದಿತ್ತು. ಕೆಳಗೆ ಇಷ್ಟೇ: ‘ಇವಳು ದೂರದರ್ಶಕ ಮಾಡಿಲ್ಲ. ಜನ ಕಾಣದಿದ್ದರೂ ಕಂಡಂತೆ ಓದುತ್ತಾರೆಂದು ಇವಳು ಗಮನಿಸಿದಳು. ಯಾರ ಮಾನವೂ ಹೋಗದ ಹಾಗೆ ಹಾಳೆ ಬದಲಿಸಿದಳು. ಇದು ನಾನು ಮೊನ್ನೆ ಶನಿವಾರ ಕಂಡದ್ದು. ಅದಕ್ಕೆ ಮುಂಚಿನದು ನನಗೆ ಗೊತ್ತಿಲ್ಲ, ಕ್ಷಮಿಸಿ.’ ಮೇಡಂ ಆ ಹಾಳೆಯ ಪಕ್ಕದಲ್ಲೇ ಪತ್ರ ಬರೆಯಲು ಕೂತರು.

ಸೀಟು ಸಿಕ್ಕಿತೇ ಎಂದು ಕೇಳುತ್ತಿದ್ದೀರಿ. ಅದನ್ನೇ ಮೊದಲು ಕೇಳುವುದು ನಮ್ಮೆಲ್ಲರ ರೋಗ. ಮೂರು ಕಾಲೇಜುಗಳಲ್ಲಿ ಎರಡು ಬೇಡ ಅಂದವು, ಒಂದು ಬಾ ಅಂದಿತು. ಆ ಕಾಲೇಜಿನ ಪತ್ರ ಬಂದ ದಿನ ಮಗಳು ತಾನು ಅರ್ಜಿಯಲ್ಲಿ ತನ್ನ ಬಗ್ಗೆ ಬರೆದುಕೊಂಡ ಪ್ರಬಂಧವನ್ನು ಮನೆಯಲ್ಲಿ ತೋರಿಸಿದಳು. ಅಮ್ಮ ಗಟ್ಟಿಯಾಗಿ ಓದಿದಳು. ಅದು ಹೀಗೆ ಶುರುವಾಗಿತ್ತು: ‘ನಮ್ಮಪ್ಪ ಕನ್ನಡಕ ಮಾಡುತ್ತಾರೆ. ಅವರಿಗೆ ಚಂದ್ರ ಕಾಣುತ್ತಾನೆ. ಹತ್ತಿರದ್ದಕ್ಕೆ ಮಾತ್ರ ಒಂದು ಕನ್ನಡಕ ಬೇಕಾಗಿದೆ.’

“ಸರಿಯಾದ ಟಿಕೆಟ್,” ಎಂದು ಹೆಂಡತಿ ಕಾಗದ ಮಡಿಸಿ ಅವನ ಕಿಸೆಗೆ ತುರುಕಿದಳು. “ಇಳಿಯೋವರೆಗೂ ಇಟ್ಟುಕೊಳ್ಳಿ.”

ಸಿಂಕಿಗೆ ಬೇರೆ ಪೈಪು ಬಂತು. ಹಳೆಯದು ಈಗಲೂ ಅವರ ಕಿಟಕಿಯಲ್ಲಿದೆ.

ಇನ್ನು ನಿಮ್ಮ ಮಾತು. ನಿಮ್ಮ ಮೇಜಿನ ಮೇಲೂ ಒಂದು ಹಾಳೆ ಇದೆ, ನೀವೂ ಪೆನ್ನಿನ ಕ್ಯಾಪು ತೆಗೆದಿದ್ದೀರಿ. ಮುಚ್ಚಿ. ಈ ಕಥೆಯನ್ನೂ ಮುಚ್ಚಿಡಿ. ಎದ್ದು ಪಕ್ಕದ ಕೋಣೆಗೆ ಹೋಗಿ. ಅಲ್ಲಿರುವ ಮಗುವಿನ ಪಕ್ಕ ಕೂತು, ಅದು ಎತ್ತ ನೋಡುತ್ತಿದೆಯೋ ಅತ್ತ ನೀವೂ ನೋಡಿ. ಕ್ರಮಾಂಕ ಕೇಳಬೇಡಿ.